‘ಸರ್ವರ್ ಇಲ್ಲ’ ಎಂಬ ದಿನಗಳ ಲೆಕ್ಕ ಯಾರ ಬಳಿ ಇದೆ?

ಮಾನ್ಯ ಸಂಪಾದಕರೇ,

ಸರ್ವರ್ ಸಮಸ್ಯೆಯಿಂದ ಜನ ಪರದಾಡಿದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ವರ್ಷಕ್ಕೆ ಹಲವು ಸಲ ಅಚ್ಚಾಗುತ್ತದೆ. ಪಡಿತರ ಅಂಗಡಿಯ ಬೆರಳಚ್ಚು ಯಂತ್ರ, ಆದಾಯ ಪ್ರಮಾಣಪತ್ರ, ನೋಂದಣಿ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷಾ ಫಲಿತಾಂಶ, ಹೀಗೆ ಸಂದರ್ಭ ಬೇರೆಯಾದರೂ ಸುದ್ದಿಯ ಒಡಲು ಒಂದೇ: ಬೆಳಿಗ್ಗೆಯಿಂದ ಸಾಲು, ಮಧ್ಯಾಹ್ನದ ಹೊತ್ತಿಗೆ ಮಾತಿನ ಚಕಮಕಿ, ಸಂಜೆಗೆ ‘ತಾಂತ್ರಿಕ ದೋಷವನ್ನು ಶೀಘ್ರ ಸರಿಪಡಿಸಲಾಗುವುದು’ ಎಂಬ ಹೇಳಿಕೆ. ಆದರೆ ಸೇವೆ ಎಷ್ಟು ಗಂಟೆಗೆ ನಿಂತಿತು, ಎಷ್ಟು ಅರ್ಜಿಗಳು ಯಾವ ಹಂತದಲ್ಲಿ ಬಿದ್ದುಹೋದವು, ಮತ್ತೆ ಯಾವಾಗ ಸರಿಹೋಯಿತು ಎಂಬ ವಿವರ ಈ ಸುದ್ದಿಗಳಲ್ಲಿ ಇರುವುದಿಲ್ಲ. ಅದು ವರದಿಗಾರರ ಲೋಪವೆಂದು ನಾನು ಹೇಳುತ್ತಿಲ್ಲ. ಕೇಳಿದರೂ ಹೇಳುವವರಿಲ್ಲದ ಪ್ರಶ್ನೆಗಳವು.

ಇದೇ ಲೆಕ್ಕ ಇಡುವುದು 18 ವರ್ಷಗಳಿಂದ ಬೆಂಗಳೂರಿನಲ್ಲಿ ನನ್ನ ಉದ್ಯೋಗವಾಗಿರುವುದರಿಂದ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ಕ್ಲೌಡ್ ಮಾನಿಟರಿಂಗ್ ಎಂದು ಕರೆಯುವ ಈ ಕೆಲಸದಲ್ಲಿ, ಎಲ್ಲೋ ಇರುವ ಯಂತ್ರಗಳ ಮೇಲೆ ಓಡುವ ಅಪ್ಲಿಕೇಶನ್ನು ಬಳಕೆದಾರರಿಗೆ ಎಷ್ಟು ಬೇಗ ಉತ್ತರ ಕೊಡುತ್ತಿದೆ, ಎಷ್ಟು ಸಲ ಕೈಕೊಡುತ್ತಿದೆ ಎಂಬುದನ್ನು ನಿಮಿಷ ನಿಮಿಷಕ್ಕೂ ಅಳೆದು, ಕೆಡುವ ಲಕ್ಷಣ ಕಂಡಾಗ ಸರಿಪಡಿಸುವವರನ್ನು ಎಬ್ಬಿಸಬೇಕು. ಎಬ್ಬಿಸಬೇಕು ಎಂದದ್ದು ಅಲಂಕಾರಕ್ಕಲ್ಲ. ನಡುರಾತ್ರಿಯ ಫೋನಿನಿಂದ ನಮ್ಮ ಮನೆಯವರಿಗೆಲ್ಲ ನಿದ್ದೆ ಕೆಟ್ಟ ರಾತ್ರಿಗಳಿಗೆ ಲೆಕ್ಕವಿಲ್ಲ.

ಕಳೆದ ವರ್ಷ ನನ್ನ ಅಕ್ಕನ ಮಗನ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿಸಲು ನಮ್ಮ ಕಡೆಯ ಒಂದು ಸೇವಾ ಕೇಂದ್ರಕ್ಕೆ ಸತತ ಮೂರು ದಿನ ಹೋಗಬೇಕಾಯಿತು. ಅಲ್ಲಿನ ಹೆಣ್ಣುಮಗಳು ಕೆಲಸಗಳ್ಳಿಯಲ್ಲ, ಒರಟೂ ಅಲ್ಲ. ವಿವರಗಳನ್ನೆಲ್ಲ ತುಂಬಿಸಿ, ಮೊಬೈಲಿಗೆ ಬರಬೇಕಾದ ಒಟಿಪಿಗಾಗಿ ಕಾದು, ಅದು ಬರುವಷ್ಟರಲ್ಲಿ ಪುಟವೇ ಅವಧಿ ಮೀರಿ ಮುಚ್ಚಿಹೋಗಿ, ಮತ್ತೆ ಮೊದಲಿನಿಂದ ಎಲ್ಲವನ್ನೂ ತುಂಬಿಸುತ್ತಿದ್ದರು. ಹೀಗೆ ನಾಲ್ಕು ಸಲವಾದ ಮೇಲೆ ‘ಸರ್ವರ್ ಇಲ್ಲ ಸಾರ್, ನಾಳೆ ಬನ್ನಿ’ ಎಂದರು. ಅವರ ಹಿಂದಿನ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘11ರಿಂದ 1’, ‘ಮಧ್ಯಾಹ್ನ ಪೂರ್ತಿ’, ‘ಒಟಿಪಿ ಇಲ್ಲ’ ಎಂದು ಬರೆದಿತ್ತು. ಏಕೆಂದು ಕೇಳಿದೆ. ಅರ್ಜಿಗಳ ಸಂಖ್ಯೆ ಏಕೆ ಕಡಿಮೆಯಾಯಿತೆಂದು ಮೇಲಿನವರು ಕೇಳಿದಾಗ ತೋರಿಸಲು ತನ್ನ ಬಳಿ ಇನ್ನೇನೂ ಇಲ್ಲ ಎಂದರು.

‘ಸರ್ವರ್ ಇಲ್ಲ’ ಎಂಬ ಮಾತು ಮಳೆ ಬಂತು, ಕರೆಂಟ್ ಹೋಯಿತು ಎಂಬಷ್ಟೇ ಸಹಜವಾಗಿ ನಮ್ಮ ಬಾಯಲ್ಲಿ ಕೂತುಬಿಟ್ಟಿದೆ. ಆದರೆ ಒಂದು ಅರ್ಜಿಯ ಹಿಂದೆ ಇರುವುದು ಒಂದು ಸರ್ವರ್ ಅಲ್ಲ. ಕೇಂದ್ರದ ಕಂಪ್ಯೂಟರಿನಿಂದ ಹೊರಟ ವಿನಂತಿ ಮೊದಲು ಇಂಟರ್ನೆಟ್ ಸಂಪರ್ಕವನ್ನು ಹಾಯಬೇಕು. ಬಳಿಕ ಬಂದ ವಿನಂತಿಗಳನ್ನು ಹಲವು ಯಂತ್ರಗಳಿಗೆ ಹಂಚುವ ವ್ಯವಸ್ಥೆ, ಅದರ ಹಿಂದೆ ಅಪ್ಲಿಕೇಶನ್ನು, ಅದರ ಹಿಂದೆ ದತ್ತಾಂಶ ಇರುವ ಡೇಟಾಬೇಸು. ಇವೆಲ್ಲ ಒಂದು ಇಲಾಖೆಯ ಕೈಯಲ್ಲಿದ್ದರೂ, ಗುರುತು ದೃಢೀಕರಿಸುವುದು ಇನ್ನೊಂದು ಸಂಸ್ಥೆ, ಒಟಿಪಿಯ ಸಂದೇಶ ಕಳುಹಿಸುವುದು ಮತ್ತೊಂದು, ಶುಲ್ಕ ಕಟ್ಟಿಸಿಕೊಳ್ಳುವುದು ಮಗದೊಂದು. ಈ ಸರಪಳಿಯ ಯಾವ ಕೊಂಡಿ ಬಿಟ್ಟರೂ ಕೇಂದ್ರದ ಪರದೆಯ ಮೇಲೆ ಕಾಣುವುದು ಅದೇ ತಿರುಗುವ ಚಕ್ರ. ಯಾವ ಕೊಂಡಿ ಎಂದು ಗೊತ್ತಿಲ್ಲದಾಗ ಪ್ರತಿಯೊಬ್ಬರೂ ಪಕ್ಕದ ಕೊಂಡಿಯತ್ತ ಬೆರಳು ತೋರಿಸುತ್ತಾರೆ, ಎಲ್ಲರೂ ಸೇರಿ ‘ನೆಟ್‌ವರ್ಕ್’ ಎಂಬ ಅನಾಥನ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾರೆ.

ಮಾನಿಟರಿಂಗ್ ವೇದಿಕೆಗಳು ಬಿಡಿಸುವುದು ಈ ಗೋಜಲನ್ನೇ. ಪ್ರತಿ ವಿನಂತಿಗೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಅಂಟಿಸಿ, ಅದು ಹೋದಲ್ಲೆಲ್ಲ ಎಷ್ಟು ಹೊತ್ತು ನಿಂತಿತೆಂದು ಬರೆದಿಡುವ ಪದ್ಧತಿಗೆ ಟ್ರೇಸಿಂಗ್ ಎನ್ನುತ್ತಾರೆ. ಗೂಗಲ್ ತನ್ನೊಳಗೆ ಬಳಸುತ್ತಿದ್ದ ಇಂಥ ಒಂದು ವ್ಯವಸ್ಥೆಯ ವಿವರಗಳನ್ನು 2010ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಬಳಿಕ ಇದು ಎಲ್ಲೆಡೆ ಹರಡಿತು. ಈಗ ಅಮೆಜಾನಿನ ಕ್ಲೌಡ್‌ವಾಚ್, ಮೈಕ್ರೋಸಾಫ್ಟಿನ ಅಜೂರ್ ಮಾನಿಟರ್, ಡೇಟಾಡಾಗ್, ನ್ಯೂ ರೆಲಿಕ್, ಚೆನ್ನೈ ಮೂಲದ ಜೋಹೊದ ಸೈಟ್24x7 ಮುಂತಾದ ಸೇವೆಗಳು ಹಣಕ್ಕೆ ದೊರೆಯುತ್ತವೆ. ಪ್ರೊಮೀಥಿಯಸ್, ಗ್ರಾಫಾನಾಗಳಂಥ ಮುಕ್ತ ತಂತ್ರಾಂಶಗಳು ಪುಕ್ಕಟೆಯಾಗಿಯೇ ಸಿಗುತ್ತವೆ. ಅಳತೆಯ ಮಾಹಿತಿ ಸಂಗ್ರಹಿಸಲು 2019ರಲ್ಲಿ ಹುಟ್ಟಿಕೊಂಡ ಓಪನ್‌ಟೆಲಿಮೆಟ್ರಿ ಎಂಬ ಸಾಮಾನ್ಯ ಪದ್ಧತಿಯನ್ನು ಅನುಸರಿಸಿದರೆ ಇವತ್ತು ಒಂದು ಕಂಪನಿಯ ವೇದಿಕೆ, ನಾಳೆ ಇನ್ನೊಂದರದು ಎಂದು ಬದಲಾಯಿಸಲೂ ಅಡ್ಡಿಯಿಲ್ಲ.

ಇದರ ಪ್ರಯೋಜನ ಏನೆಂಬುದಕ್ಕೆ ನಾನೇ ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಾನು ಹಿಂದೆ ಇದ್ದ ಸಂಸ್ಥೆಯೊಂದರಲ್ಲಿ ಪ್ರತಿದಿನ ಬೆಳಿಗ್ಗೆ 10 ಗಂಟೆ ದಾಟುತ್ತಿದ್ದಂತೆ ಅಪ್ಲಿಕೇಶನ್ನು ಅರ್ಧ ಗಂಟೆ ಏದುಸಿರು ಬಿಡುತ್ತಿತ್ತು. ಬಳಕೆದಾರರು ಹೆಚ್ಚಾದರೆಂದು ಯಂತ್ರಗಳನ್ನು ಎರಡು ಪಟ್ಟು ಮಾಡಿದರು; ಹಾಗೆ ಮಾಡಿದ ಮೇಲೆ ಅದು ಇನ್ನಷ್ಟು ಕೆಟ್ಟಿತು. ಟ್ರೇಸಿಂಗ್ ಅಳವಡಿಸಿ ನೋಡಿದರೆ, ಒಂದು ವಿನಂತಿ ತೆಗೆದುಕೊಳ್ಳುತ್ತಿದ್ದ 14 ಸೆಕೆಂಡುಗಳಲ್ಲಿ 12ಕ್ಕೂ ಹೆಚ್ಚು ಸೆಕೆಂಡು ಡೇಟಾಬೇಸಿನ ಬಾಗಿಲಲ್ಲಿ ಕಾಯುವುದರಲ್ಲೇ ಕಳೆದುಹೋಗುತ್ತಿತ್ತು. ಕಚೇರಿಯೊಳಗಿನ ಇನ್ನೊಂದು ವಿಭಾಗ ತನ್ನ ದೈನಿಕ ವರದಿಗಾಗಿ ಸರಿಯಾಗಿ 10 ಗಂಟೆಗೆ ಡೇಟಾಬೇಸಿನ ಇಡೀ ಕೋಷ್ಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವ ಒಂದು ಪ್ರಶ್ನೆಯನ್ನು (ಕ್ವೆರಿ) ಓಡಿಸುತ್ತಿತ್ತು. ಹೊಸ ಯಂತ್ರಗಳು ಆ ಬಾಗಿಲ ಮುಂದಿನ ನೂಕುನುಗ್ಗಲನ್ನು ಹೆಚ್ಚಿಸಿದ್ದವು, ಅಷ್ಟೆ. ವರದಿಯ ಸಮಯವನ್ನು ಬೆಳಗಿನ ಜಾವ 4 ಗಂಟೆಗೆ ಬದಲಿಸಿದ್ದು ಹತ್ತು ನಿಮಿಷದ ಕೆಲಸ. ಅದು ಗೊತ್ತಾಗುವವರೆಗೆ ಕಳೆದದ್ದು ಮೂರು ತಿಂಗಳು, ಹೊಸ ಯಂತ್ರಗಳ ಬಾಡಿಗೆ ಬೇರೆ.

ಸರ್ಕಾರಿ ಸೇವೆಯ ಮಟ್ಟದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಅಮೆರಿಕದ್ದು. ಅಲ್ಲಿನ ಆರೋಗ್ಯ ವಿಮೆಗೆ ಹೆಸರು ನೋಂದಾಯಿಸುವ ಹೆಲ್ತ್‌ಕೇರ್ ಡಾಟ್ ಗವ್ ತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಲಕ್ಷಾಂತರ ಜನ ಬಂದರು. ಮೊದಲ ದಿನ ನೋಂದಣಿ ಪೂರೈಸಲು ಸಾಧ್ಯವಾದದ್ದು 6 ಜನರಿಗೆ. ಬಳಿಕ ಅದನ್ನು ಎತ್ತಿ ನಿಲ್ಲಿಸಲು ಬಂದ ಇಂಜಿನಿಯರುಗಳಿಗೆ ಎದುರಾದ ಮೊದಲ ಅಚ್ಚರಿಯೆಂದರೆ, ಎಷ್ಟು ಜನ ಬಳಸುತ್ತಿದ್ದಾರೆ, ಎಷ್ಟು ಹೊತ್ತಿಗೆ ಉತ್ತರ ಹೋಗುತ್ತಿದೆ, ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದು ತೋರಿಸುವ ಒಂದು ಫಲಕವೂ ಅಲ್ಲಿ ಇರಲಿಲ್ಲ. ಕೋಟಿಗಟ್ಟಲೆ ಡಾಲರ್ ಸುರಿದ ವ್ಯವಸ್ಥೆಗೆ ಅವರು ಮೊದಲು ಕಟ್ಟಿಕೊಟ್ಟದ್ದು ಆ ಡ್ಯಾಶ್‌ಬೋರ್ಡನ್ನು, ಅದೂ ಕೆಲವೇ ಗಂಟೆಗಳಲ್ಲಿ. ಅಲ್ಲಿಂದ ಮುಂದೆ ದೋಷಗಳು ಒಂದೊಂದಾಗಿ ಬೆಳಕಿಗೆ ಬಂದವು. ಪದೇ ಪದೇ ಬೇಕಾಗುವ ಮಾಹಿತಿಗೂ ಪ್ರತಿ ಸಲ ಡೇಟಾಬೇಸಿಗೆ ಓಡುತ್ತಿದ್ದುದನ್ನು ತಪ್ಪಿಸಲಾಯಿತು. ಅಕ್ಟೋಬರಿನಲ್ಲಿ ಪುಟವೊಂದು ತೆರೆಯಲು ಸರಾಸರಿ 8 ಸೆಕೆಂಡು ಹಿಡಿಯುತ್ತಿದ್ದದ್ದು ಡಿಸೆಂಬರಿನ ಆರಂಭಕ್ಕೆ 1 ಸೆಕೆಂಡಿಗಿಂತ ಕೆಳಗೆ ಇಳಿಯಿತು. ಇಂಜಿನಿಯರುಗಳ ಜಾಣ್ಮೆಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಆದರೆ ಆ ಜಾಣ್ಮೆಗೆ ಕಣ್ಣು ಬಂದದ್ದು ಅಳತೆ ಶುರುವಾದ ಮೇಲೆಯೇ.

ನಮ್ಮಲ್ಲಿ ಅಳತೆ ಇಲ್ಲವೇ ಇಲ್ಲ ಎಂದು ಯಾರೂ ಒಪ್ಪಲಾರರು, ಟೆಂಡರ್ ದಾಖಲೆಗಳಲ್ಲಿ ‘ಶೇ 99ರಷ್ಟು ಲಭ್ಯತೆ’ ಎಂಬಂಥ ಷರತ್ತುಗಳು ಕಾಣುತ್ತಲೇ ಇರುತ್ತವೆ. ತಕರಾರು ಇರುವುದು ಅಳತೆಯ ಬಗೆಯಲ್ಲಿ. 30 ದಿನಗಳ ತಿಂಗಳೊಂದರಲ್ಲಿ 720 ಗಂಟೆ, ಅದರಲ್ಲಿ ಶೇ 1 ಎಂದರೆ 7 ಗಂಟೆ 12 ನಿಮಿಷ. ನಡುರಾತ್ರಿಯ, ಭಾನುವಾರದ ಗಂಟೆಗಳೂ ಸೇರಿರುವ ಈ ಲೆಕ್ಕದಲ್ಲಿ, ಸಾಲಿನಲ್ಲಿ ಜನ ನಿಂತಿರುವ ಒಂದು ಇಡೀ ಕೆಲಸದ ದಿನ ಕೊಚ್ಚಿಹೋದರೂ ಗುತ್ತಿಗೆದಾರರು ಷರತ್ತು ಪಾಲಿಸಿದಂತೆಯೇ. ಆ ದಿನ ಅರ್ಜಿ ಸಲ್ಲಿಕೆಗೆ ಕೊನೆಯ ದಿನವಾಗಿದ್ದರೆ? ಶೇ 99.9 ಎಂದು ಬರೆದುಕೊಂಡಿದ್ದರೆ ತಿಂಗಳಿಗೆ 43 ನಿಮಿಷ ಮಾತ್ರ ರಿಯಾಯಿತಿ ಸಿಗುತ್ತಿತ್ತು. ದಶಾಂಶದ ನಂತರದ ಆ ಒಂದು ಅಂಕಿಯ ಬೆಲೆ ಟೆಂಡರ್ ಬರೆಯುವವರಿಗಿಂತ ಸಾಲಿನಲ್ಲಿ ನಿಂತವರಿಗೆ ಚೆನ್ನಾಗಿ ಗೊತ್ತು.

‘ಲಭ್ಯತೆ’ ಎಂದರೆ ಏನು ಎಂಬುದೂ ಹೀಗೆಯೇ ಜಾರುವ ವಿಷಯ. ತಾಣದ ಮುಖಪುಟವನ್ನು ನಿಮಿಷಕ್ಕೊಮ್ಮೆ ತೆರೆದು ನೋಡಿ ‘ಇದೆ’ ಎಂದು ಗುರುತು ಹಾಕುವುದು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ಮೋಸದ ಪರೀಕ್ಷೆ. ಮುಖಪುಟ ಬರೀ ಚಿತ್ರ ಮತ್ತು ಅಕ್ಷರ, ಅದು ತೆರೆಯುತ್ತದೆ. ಬಾಗಿಲು ತೆರೆದಿದೆ ಎಂದಮಾತ್ರಕ್ಕೆ ಒಳಗೆ ಅಡುಗೆ ಆಗಿದೆ ಎಂದಲ್ಲವಲ್ಲ. ಲಾಗಿನ್, ಒಟಿಪಿ, ಕಡತ ಸೇರಿಸುವುದು, ಶುಲ್ಕ, ಸ್ವೀಕೃತಿ ಸಂಖ್ಯೆ ಇಷ್ಟೂ ಹಂತಗಳನ್ನು ಒಂದು ನಕಲಿ ಅರ್ಜಿಯ ಮೂಲಕ ದಿನವಿಡೀ ನಡೆಸಿ ನೋಡುವ ಸೌಲಭ್ಯ ಮೇಲೆ ಹೇಳಿದ ಹೆಚ್ಚಿನ ವೇದಿಕೆಗಳಲ್ಲಿದೆ. ಆ ಪರೀಕ್ಷೆಯೂ ದತ್ತಾಂಶ ಕೇಂದ್ರದ ಪಕ್ಕದ ಕೋಣೆಯಿಂದ ನಡೆದರೆ ಪ್ರಯೋಜನವಿಲ್ಲ. ಪಾವಗಡದಿಂದಲೂ ಜೊಯಿಡಾದಿಂದಲೂ ನಡೆಯಬೇಕು.

ಸರಾಸರಿಯ ವಿಷಯದಲ್ಲಂತೂ ಓದುಗರು ಎಚ್ಚರವಿರಬೇಕು. ನೂರು ಅರ್ಜಿಗಳಲ್ಲಿ 95ಕ್ಕೆ 1 ಸೆಕೆಂಡಿನಲ್ಲೂ ಉಳಿದ 5ಕ್ಕೆ 40 ಸೆಕೆಂಡಿನಲ್ಲೂ ಉತ್ತರ ಬಂದರೆ ಸರಾಸರಿ 3 ಸೆಕೆಂಡಿಗಿಂತ ಕಡಿಮೆಯೇ ಆಗುತ್ತದೆ. ವರದಿಯಲ್ಲಿ ಅದು ಚೆಂದ ಕಾಣುತ್ತದೆ, ಆದರೆ ಆ ಐವರು ಆಗಲೇ ಕಾದು ಬೇಸತ್ತು ಎದ್ದುಹೋಗಿರುತ್ತಾರೆ. ಆದ್ದರಿಂದಲೇ ನಮ್ಮ ವೃತ್ತಿಯಲ್ಲಿ ಸರಾಸರಿಯನ್ನು ಬದಿಗಿಟ್ಟು, ನೂರರಲ್ಲಿ 95ನೆಯವರು ಎಷ್ಟು ಕಾದರು, 99ನೆಯವರು ಎಷ್ಟು ಕಾದರು ಎಂದು ಕೇಳುವ ರೂಢಿ ಬೆಳೆದಿದೆ. ಆ ಕೊನೆಯ ಐವರು ಎಲ್ಲ ಸಲವೂ ಆಕಸ್ಮಿಕವಾಗಿ ಸಿಕ್ಕಿಬಿದ್ದವರೂ ಅಲ್ಲ. ಸಿಗ್ನಲ್ ದುರ್ಬಲವಾದ ಊರಿನವರು, ಹತ್ತಾರು ಹಿಸ್ಸೆಗಳಾಗಿ ಒಡೆದ ಸರ್ವೆ ನಂಬರಿನವರು, ಹೆಸರಿನ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುವವರು ಇಂಥವರ ಅರ್ಜಿಗಳೇ ವ್ಯವಸ್ಥೆಗೆ ಹೆಚ್ಚು ಕೆಲಸ ಕೊಡುತ್ತವೆ, ಹಾಗಾಗಿ ಅವರೇ ಮತ್ತೆ ಮತ್ತೆ ಹಿಂದೆ ಬೀಳುತ್ತಾರೆ.

ಇಲ್ಲಿಗೆ ನನ್ನ ಮುಖ್ಯ ಮಾತು ಬರುತ್ತದೆ. ‘ಸಕಾಲ’ ಎಂದು ಹೆಸರಾದ 2011ರ ಸೇವಾ ಖಾತರಿ ಕಾಯ್ದೆಯ ಬಗ್ಗೆ ನನಗೆ ಗೌರವವಿದೆ. ಇಂಥ ಸೇವೆ ಇಷ್ಟು ದಿನದಲ್ಲಿ ಸಿಗಬೇಕೆಂದು ಬರೆದು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದು ಗೊತ್ತುಪಡಿಸಿ, ವಿಳಂಬಕ್ಕೆ ಒಂದು ಲೆಕ್ಕ ಕೊಟ್ಟ ಕಾಯ್ದೆ ಅದು. ಆದರೆ ಅದರ ಗಡಿಯಾರ ಓಡಲು ಆರಂಭಿಸುವುದು ಅರ್ಜಿ ಸ್ವೀಕೃತವಾಗಿ ನಮ್ಮ ಕೈಗೆ ಸಂಖ್ಯೆ ಬಂದ ಮೇಲೆ. ಅರ್ಜಿಯೇ ಒಳಗೆ ಹೋಗದೆ ಹೊರಗೆ ಕಳೆದ ದಿನಗಳು ಆ ಗಡಿಯಾರದ ಪಾಲಿಗೆ ಇಲ್ಲ. ನನ್ನ ಅಕ್ಕನ ಮಗನ ಪ್ರಮಾಣಪತ್ರ ನಿಗದಿತ ಅವಧಿಯೊಳಗೇ ಬಂತು; ದಾಖಲೆಯ ಪ್ರಕಾರ ಅದು ಸಕಾಲದಲ್ಲಿ ಸಿಕ್ಕ ಸೇವೆ. ಮೂರು ದಿನದ ಅಲೆದಾಟ, ಕೂಲಿ ಬಿಟ್ಟು ನಮ್ಮ ಜೊತೆ ಸಾಲಿನಲ್ಲಿ ನಿಂತಿದ್ದವರ ಮೂರು ದಿನದ ಸಂಬಳ ಯಾವ ಕಡತದಲ್ಲೂ ಇಲ್ಲ. ಕಚೇರಿಯ ಮೇಜಿನ ಮೇಲಾಗುವ ವಿಳಂಬವನ್ನು ಅಳೆಯುವ ವ್ಯವಸ್ಥೆ ಬಂದಮೇಲೆ ವಿಳಂಬವೇ ಮೇಜಿನಿಂದ ಎದ್ದು ಪರದೆಗೆ ಬಂದು ಕೂತಿತೋ ಏನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈ ಲೆಕ್ಕವನ್ನು ಇಟ್ಟರೆ ಸಾಲದು, ಜನರ ಮುಂದೆ ಇಡಬೇಕು. ಅದು ಅಸಾಧ್ಯವಲ್ಲ ಎಂಬುದಕ್ಕೆ ಯುಪಿಐ ಸಾಕ್ಷಿ. ಅದನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ಯಾವ ಬ್ಯಾಂಕಿನಲ್ಲಿ ತಾಂತ್ರಿಕ ಕಾರಣದಿಂದ ಶೇಕಡಾ ಎಷ್ಟು ಪಾವತಿಗಳು ವಿಫಲವಾದವು ಎಂಬುದನ್ನು ತಿಂಗಳು ತಿಂಗಳೂ ಬ್ಯಾಂಕಿನ ಹೆಸರಿನೊಂದಿಗೇ ಪ್ರಕಟಿಸುತ್ತದೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ತಡವರಿಸಿದಾಗ, ಹಿಂದಿನ ಪಾವತಿಯ ಸ್ಥಿತಿ ಏನಾಯಿತೆಂದು ಬ್ಯಾಂಕುಗಳ ಕಂಪ್ಯೂಟರುಗಳು ಬಿಡುವಿಲ್ಲದೆ ಕೇಳಿದ ವಿಚಾರಣೆಗಳ ಮಹಾಪೂರವೇ ಕಾರಣವೆಂದು ಪತ್ತೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಇಂಥ ವಿಚಾರಣೆಗಳಿಗೆ ಮಿತಿ ಬಂತು, ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಖಾತೆಯ ಶಿಲ್ಕು ನೋಡುವಂತಿಲ್ಲ ಎಂಬ ನಿಯಮವೂ ಅದರ ಜೊತೆಗೇ ಬಂದದ್ದು. ‘ಸರ್ವರ್ ಸಮಸ್ಯೆ’ ಎಂದು ಹೇಳಿ ಮುಗಿಸಿದ್ದರೆ ಈ ಕಾರಣ ಸಿಗುತ್ತಿರಲಿಲ್ಲ.

ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ ಯಾರೂ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಯ ಬಗ್ಗೆ ಹೇಳುತ್ತದೆ. ಆ ಆಶಯಕ್ಕೆ ತಕ್ಕಂತೆ ಪ್ರತಿ ಇಲಾಖೆಯೂ ತನ್ನ ಆನ್‌ಲೈನ್ ಸೇವೆಗಳ ಸ್ಥಿತಿಯನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ತೋರಿಸಲಿ: ಇಂದು ಯಾವ ಸೇವೆ ನಡೆಯುತ್ತಿದೆ, ಯಾವುದು ನಿಂತಿದೆ, ಯಾವ ಕೊಂಡಿಯಲ್ಲಿ ನಿಂತಿದೆ, ಎಷ್ಟು ಜನರ ಅರ್ಜಿ ಅರ್ಧಕ್ಕೆ ಕಡಿದುಹೋಗಿದೆ. ಹಳ್ಳಿಯವರು ಬಸ್ಸು ಹತ್ತುವ ಮೊದಲೇ ಮೊಬೈಲಿನಲ್ಲಿ ನೋಡಿಕೊಂಡು ಒಂದು ದಿನದ ಕೂಲಿಯನ್ನಾದರೂ ಉಳಿಸಿಕೊಳ್ಳಬಹುದು. ಕೊನೆಯ ದಿನ ಸೇವೆ ನಿಂತ ದಾಖಲೆ ಇದ್ದರೆ ಗಡುವು ತಾನಾಗಿಯೇ ಮುಂದಕ್ಕೆ ಹೋಗಬೇಕು, ಅದಕ್ಕೆ ಧರಣಿ ಕೂರುವ ಅಗತ್ಯ ಬೀಳಬಾರದು. ಅಳೆಯುವ ಹೊಣೆಯನ್ನು ತಾಣ ಕಟ್ಟಿದ ಗುತ್ತಿಗೆದಾರರಿಗೇ ಒಪ್ಪಿಸುವುದೂ ಬೇಡ, ಪರೀಕ್ಷೆ ಬರೆದವರೇ ಮೌಲ್ಯಮಾಪನ ಮಾಡಿಕೊಂಡಂತಾಗುತ್ತದೆ. ಅಳೆಯುವ ವ್ಯವಸ್ಥೆ ಅಳೆಸಿಕೊಳ್ಳುವ ವ್ಯವಸ್ಥೆಯ ಹೊರಗಿರಬೇಕು ಎಂಬ ಪಾಠವನ್ನು ಅಮೆಜಾನೇ ಪೆಟ್ಟು ತಿಂದು ಕಲಿತಿದೆ. 2017ರ ಫೆಬ್ರುವರಿ 28ರಂದು ಒಂದು ತಪ್ಪು ಆದೇಶದಿಂದ ಅದರ ಎಸ್3 ಸಂಗ್ರಹ ಸೇವೆ ಅಮೆರಿಕದ ಪೂರ್ವ ಭಾಗದಲ್ಲಿ ಕುಸಿದಾಗ, ಸೇವೆಗಳ ಆರೋಗ್ಯ ತೋರಿಸುವ ಫಲಕವೂ ಅದೇ ಎಸ್3 ಮೇಲೆ ನಿಂತಿದ್ದ ಕಾರಣ ಸುಮಾರು 2 ಗಂಟೆ ಕಾಲ ಅದನ್ನು ಬದಲಿಸಲಾಗದೆ, ಟ್ವಿಟರಿನ ಮೂಲಕ ಸುದ್ದಿ ಕೊಡಬೇಕಾಯಿತು.

ಖರ್ಚಿನ ಮಾತು ಬಂದೇ ಬರುತ್ತದೆ. ಹಣ ಕೊಟ್ಟು ಪಡೆಯುವ ವೇದಿಕೆಗಳಲ್ಲಿ ಹಲವು ನಾವು ಕಳುಹಿಸಿದ ಮಾಹಿತಿಯ ಪ್ರಮಾಣಕ್ಕೆ ತಕ್ಕಂತೆ ಬಿಲ್ಲು ಹಾಕುವುದರಿಂದ, ಸಿಕ್ಕಿದ್ದನ್ನೆಲ್ಲ ತುಂಬಿದರೆ ಬಿಲ್ಲು ಎದೆ ನಡುಗಿಸುವುದು ನಿಜ. ಆದರೆ ಪ್ರತಿ ವಿನಂತಿಯ ಪೂರ್ಣ ಜಾಡನ್ನು ಇಡಬೇಕಿಲ್ಲ. ವಿಫಲವಾದವನ್ನೆಲ್ಲ, ಯಶಸ್ವಿಯಾದವುಗಳಲ್ಲಿ ನೂರಕ್ಕೊಂದನ್ನು ಇಟ್ಟರೆ ಸಾಮಾನ್ಯವಾಗಿ ಸಾಕು, ಮುಕ್ತ ತಂತ್ರಾಂಶ ಆರಿಸಿದರೆ ಪರವಾನಗಿಯ ಶುಲ್ಕವೂ ಇಲ್ಲ. ಅದನ್ನು ನೋಡಿಕೊಳ್ಳಲು ಬಲ್ಲ ಜನ ಬೇಕು ಎಂಬುದನ್ನು ಮಾತ್ರ ನಾನು ಮರೆಮಾಚುವುದಿಲ್ಲ. ಖಾಸಗಿತನದ ಆತಂಕ ಇದಕ್ಕಿಂತ ಗಂಭೀರವಾದದ್ದು. ಯಂತ್ರಗಳು ತಮ್ಮ ಕೆಲಸವನ್ನು ಬರೆದಿಡುವ ಲಾಗ್‌ಗಳಲ್ಲಿ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆಗಳು ಹಾಗೆಹಾಗೆಯೇ ಉಳಿದುಬಿಡುವುದುಂಟು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಭಾರತದೊಳಗೆ ಕಾಯ್ದಿಡಬೇಕಾಗಿರುವಾಗ, ಒಳಗೆ ಹೋಗುವ ಮೊದಲೇ ಇಂಥ ಸಂಖ್ಯೆಗಳನ್ನು ಅಳಿಸುವ ಕೆಲಸ ಆಗಿರಬೇಕು. ಎಷ್ಟು ಅರ್ಜಿ ಎಲ್ಲಿ ಬಿತ್ತು ಎಂದು ತಿಳಿಯಲು ಅದು ಯಾರ ಅರ್ಜಿ ಎಂದು ತಿಳಿಯಬೇಕಾಗಿಲ್ಲ.

ಇನ್ನೊಂದು ಸಣ್ಣ ಸಂಗತಿ. ಎಲ್ಲದಕ್ಕೂ ಎಚ್ಚರಿಕೆಯ ಗಂಟೆ ಕಟ್ಟಿದರೆ ಯಾರೂ ಏಳುವುದಿಲ್ಲ. ದಿನಕ್ಕೆ ಮುನ್ನೂರು ಎಚ್ಚರಿಕೆ ಬೀಳುವ ವಾಟ್ಸ್ಆ್ಯಪ್ ಗುಂಪನ್ನು ಎಲ್ಲರೂ ಮೌನಕ್ಕೆ ಹಾಕಿಟ್ಟು, ನಿಜವಾದ ಅವಘಡ ಅದರಡಿಯಲ್ಲೇ ಹೂತುಹೋದದ್ದನ್ನು ನಾನು ನೋಡಿದ್ದೇನೆ. ಆ ಗುಂಪಿನಲ್ಲಿ ನಾನೂ ಇದ್ದೆ. ಯಂತ್ರದ ಬಿಸಿ ಏರಿತೋ ಇಳಿಯಿತೋ ಎಂಬುದಕ್ಕೆ ನಿದ್ದೆಗೆಡಬೇಕಿಲ್ಲ, ಅರ್ಜಿದಾರರಿಗೆ ಸ್ವೀಕೃತಿ ಸಿಗುತ್ತಿಲ್ಲ ಎಂದಾಗ ಏಳಲೇಬೇಕು.

ಹೋದ ತಿಂಗಳು ಊರಿಗೆ ಹೋದಾಗ ಅದೇ ಕೇಂದ್ರಕ್ಕೆ ಹೋಗಿ, ಆ ಹೆಣ್ಣುಮಗಳ ಒಪ್ಪಿಗೆ ಪಡೆದು, ಕ್ಯಾಲೆಂಡರಿನ ಹನ್ನೊಂದು ಹಾಳೆಗಳ ಫೋಟೊ ತೆಗೆದುಕೊಂಡೆ. ಮನೆಗೆ ಬಂದು ಪೆನ್ಸಿಲ್ಲಿನ ಗುರುತುಗಳನ್ನು ಒಂದೊಂದಾಗಿ ಕೂಡಿಸಿದರೆ, ಕೇಂದ್ರ ತೆರೆದಿದ್ದ ಹೊತ್ತಿನಲ್ಲೇ ಸೇವೆ ಸಿಗದಿದ್ದದ್ದು 163 ಗಂಟೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಗುರುತುಗಳ ಪಕ್ಕದಲ್ಲಿ ‘ಒಟಿಪಿ’ ಎಂದಿದೆ, ಅಂದರೆ ಬಹುಶಃ ಸಂದೇಶ ಕಳುಹಿಸುವ ಒಂದೇ ಕೊಂಡಿಯನ್ನು ಬಿಗಿ ಮಾಡಿದ್ದರೂ ಬಹಳಷ್ಟು ಸರಿಹೋಗುತ್ತಿತ್ತು. ಆ ಲೆಕ್ಕವನ್ನು, ಕೇಂದ್ರದ ಹೆಸರು ಬಿಟ್ಟು, ಸಂಬಂಧಪಟ್ಟ ಕಚೇರಿಗೆ ಕಳುಹಿಸಿ ನಿಮ್ಮದೇ ದಾಖಲೆಯೊಂದಿಗೆ ಹೋಲಿಸಿ ನೋಡಿ ಎಂದು ಕೇಳಿಕೊಂಡಿದ್ದೇನೆ. ಇದೇ ಬಗೆಯ ಟಿಪ್ಪಣಿ ಬೇರೆ ತಾಲ್ಲೂಕುಗಳಲ್ಲಿ ಯಾರಾದರೂ ಇಟ್ಟಿದ್ದರೆ, ದಿನಾಂಕ, ಗಂಟೆ ಮತ್ತು ನಿಂತುಹೋದ ಹಂತ ಈ ಮೂರನ್ನು ನಿಮ್ಮ ಪತ್ರಿಕೆಗೆ ಬರೆದು ಕಳುಹಿಸಲಿ, ನೀವು ಅವನ್ನು ಪ್ರಕಟಿಸುವಂತಾಗಲಿ ಎಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಂಗಳೂರು